ಸುಲ್ತಾನರ ಮಾತೆತ್ತಿದ್ದಕ್ಕೆ ಸೆರೆವಾಸ: ಟರ್ಕಿಯಲ್ಲಿ ಮಾತುಗಾರರೇ ಸುದ್ದಿಮನೆಯಾದ ಬಗೆ

ಟರ್ಕಿಯ ಹಿರಿಯ ಪತ್ರಕರ್ತ ಫಾತಿಹ್ ಆಲ್ತಾಯ್ಲಿ 2025ರ ಜೂನ್ ತಿಂಗಳಲ್ಲಿ ತಮ್ಮ ಯೂಟ್ಯೂಬ್ ವಾಹಿನಿಯಲ್ಲಿ ಒಂದು ಜನಾಭಿಪ್ರಾಯ ಸಮೀಕ್ಷೆಯ ಬಗ್ಗೆ ಮಾತನಾಡುತ್ತಿದ್ದರು. ಅಧ್ಯಕ್ಷ ರೆಜೆಪ್ ತಯ್ಯಿಪ್ ಎರ್ಡೊಗನ್ ಬದುಕಿರುವಷ್ಟು ಕಾಲ ಅಧಿಕಾರದಲ್ಲಿರುವುದನ್ನು ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಒಪ್ಪುವುದಿಲ್ಲ ಎಂಬುದು ಆ ಸಮೀಕ್ಷೆಯ ಸಾರ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ, ಈ ಜನ ಮತಪೆಟ್ಟಿಗೆಯನ್ನು ಬಿಟ್ಟುಕೊಡುವವರಲ್ಲ, ಹಿಂದಿನ ಕಾಲದಲ್ಲಿ ತಮಗೆ ಬೇಡವಾದ ಸುಲ್ತಾನರ ಕತ್ತು ಹಿಸುಕಿದವರು ಎಂಬ ಅರ್ಥದ ಮಾತನ್ನು ಅವರು ಆಡಿದರು. ಅಧ್ಯಕ್ಷರ ಸಲಹೆಗಾರರೊಬ್ಬರು ಆ ಮಾತಿನ ತುಣುಕನ್ನು ಹಿಡಿದು ಸಾಮಾಜಿಕ ಜಾಲತಾಣದಲ್ಲಿ ಕಿಡಿಕಾರಿದರು. ಜೂನ್ 21ರಂದು ಪೊಲೀಸರು ಆಲ್ತಾಯ್ಲಿಯವರನ್ನು ವಶಕ್ಕೆ ಪಡೆದರು, ಮರುದಿನ ನ್ಯಾಯಾಲಯ ಅವರನ್ನು ಜೈಲಿಗೆ ಕಳಿಸಿತು. ನವೆಂಬರ್ 26ರಂದು, ಅಧ್ಯಕ್ಷರಿಗೆ ಬೆದರಿಕೆ ಹಾಕಿದ ಅಪರಾಧಕ್ಕಾಗಿ, 4 ವರ್ಷ 2 ತಿಂಗಳ ಶಿಕ್ಷೆ ಘೋಷಣೆಯಾಯಿತು.

ಬಂಧನದಿಂದ ತೀರ್ಪಿನವರೆಗಿನ ಐದು ತಿಂಗಳು ಅವರು ಇಸ್ತಾಂಬುಲ್ ಹೊರವಲಯದ ಸಿಲಿವ್ರಿ ಜೈಲಿನಲ್ಲಿದ್ದರು. ಆದರೆ ಅವರ ಕಾರ್ಯಕ್ರಮ ನಿಲ್ಲಲಿಲ್ಲ. ‘ಫಾತಿಹ್ ಆಲ್ತಾಯ್ಲಿ ವ್ಯಾಖ್ಯಾನಿಸುತ್ತಾರೆ’ ಎಂಬ ಹೆಸರನ್ನು ‘ಫಾತಿಹ್ ಆಲ್ತಾಯ್ಲಿ ವ್ಯಾಖ್ಯಾನಿಸಲಾರರು’ ಎಂದು ಬದಲಿಸಿ, ಅವರು ಕೂರುತ್ತಿದ್ದ ಕುರ್ಚಿಯನ್ನು ಖಾಲಿಯಾಗಿಯೇ ತೋರಿಸುತ್ತ, ಜೈಲಿನಿಂದ ಬಂದ ಅವರ ಪತ್ರಗಳನ್ನು ಸಹೋದ್ಯೋಗಿ ಓದಿ ಹೇಳುತ್ತಿದ್ದರು. ಯಾರೂ ಕೂತಿರದ ಆ ಕುರ್ಚಿಯನ್ನು ಲಕ್ಷಾಂತರ ಜನ ನೋಡಿದರು.

ಹೊರಗಿನಿಂದ ನೋಡುವವರಿಗೆ ಇಲ್ಲಿ ಎರಡು ಗೊಂದಲಗಳು ಏಳುತ್ತವೆ. ಶತಮಾನಗಳ ಹಿಂದಿನ ಸುಲ್ತಾನರ ಪ್ರಸ್ತಾಪ ಇಂದಿನ ಅಧ್ಯಕ್ಷರಿಗೆ ಬೆದರಿಕೆ ಹೇಗಾಗುತ್ತದೆ? ಇಷ್ಟು ದೊಡ್ಡ ದೇಶದಲ್ಲಿ, ಇಷ್ಟೊಂದು ಪತ್ರಿಕೆ–ವಾಹಿನಿಗಳಿರುವಾಗ, ಒಬ್ಬ ವ್ಯಕ್ತಿಯ ಮಾತಿಗೆ ಈ ಪಾಟಿ ತೂಕ ಬಂದದ್ದು ಹೇಗೆ? ಮೊದಲನೆಯ ಪ್ರಶ್ನೆಗೆ ಉತ್ತರ ಟರ್ಕಿಯ ಇತಿಹಾಸದಲ್ಲಿದೆ. ಎರಡನೆಯದಕ್ಕೆ ಉತ್ತರ ಹುಡುಕಬೇಕಾದದ್ದು ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಅಲ್ಲಿನ ಮಾಧ್ಯಮಗಳು ಒಡೆತನ ಬದಲಿಸಿದ ರೀತಿಯಲ್ಲಿ.

ಇತಿಹಾಸವೆಂಬ ಸಂಕೇತಭಾಷೆ

ಆಲ್ತಾಯ್ಲಿ ಹೇಳಿದ ಸಂಗತಿ ಚರಿತ್ರೆಯ ಮಟ್ಟಿಗೆ ಕಟ್ಟುಕಥೆಯಲ್ಲ. 1622ರಲ್ಲಿ ಹದಿಹರೆಯದ ಸುಲ್ತಾನ ಎರಡನೆಯ ಉಸ್ಮಾನನನ್ನು ದಂಗೆಯೆದ್ದ ಜಾನಿಸರಿ ಸೈನಿಕರು ಯೆದಿಕುಲೆ ಕೋಟೆಗೆ ಎಳೆದೊಯ್ದರು, ಅವನು ಅಲ್ಲಿಯೇ ಕೊಲೆಯಾದ. 1648ರಲ್ಲಿ ಇಬ್ರಾಹಿಮನನ್ನು ಪದಚ್ಯುತಗೊಳಿಸಿ ಕತ್ತು ಹಿಸುಕಲಾಯಿತು. ಮೂರನೆಯ ಸೆಲೀಮ 1807ರಲ್ಲಿ ಸಿಂಹಾಸನ ಕಳೆದುಕೊಂಡು, ಮರುವರ್ಷ ಅರಮನೆಯಲ್ಲೇ ಹತನಾದ. ಈ ಸೆಲೀಮ ನಮಗೂ ಅಪರಿಚಿತನಲ್ಲ. ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಬಂದ 1798ರಲ್ಲಿ, ಫ್ರೆಂಚರ ಸಹವಾಸ ಬಿಡುವಂತೆ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದವನು ಇವನೇ, ಆ ಪತ್ರ ಟಿಪ್ಪುವಿನ ಕೈ ಸೇರಿದ್ದು ಇಂಗ್ಲಿಷರ ಮೂಲಕ.

ಟರ್ಕಿಯಲ್ಲಿ ಉಸ್ಮಾನಿ (ಒಟ್ಟೋಮನ್) ಸುಲ್ತಾನರ ಕಥೆ ಪಠ್ಯಪುಸ್ತಕದಲ್ಲಿ ಓದಿ ಮುಗಿಸುವ ವಿಷಯವಾಗಿ ಉಳಿದಿಲ್ಲ. 1923ರಲ್ಲಿ ಗಣರಾಜ್ಯ ಸ್ಥಾಪಿಸಿದ ಮುಸ್ತಫಾ ಕೆಮಾಲ್ ಅತಾತುರ್ಕ್ ಮತ್ತು ಅವರ ಸಂಗಡಿಗರು ಸುಲ್ತಾನರ ಯುಗವನ್ನು ಮುಗಿದ ಅಧ್ಯಾಯವೆಂದು ಬದಿಗಿಟ್ಟರು. 1928ರಲ್ಲಿ ಅರಬ್ಬಿ ಲಿಪಿಯ ಜಾಗಕ್ಕೆ ಲ್ಯಾಟಿನ್ ಲಿಪಿ ಬಂದು, ಒಂದು ತಲೆಮಾರಿನೊಳಗೆ ಹಳೆಯ ಕಾಗದಪತ್ರಗಳನ್ನು ಓದಬಲ್ಲವರು ವಿರಳವಾದರು. ತಮ್ಮ ಅಜ್ಜನ ಕೈಬರಹವನ್ನು ಓದಲಾಗದ ಸಮಾಜದಲ್ಲಿ ಅದನ್ನು ಓದಿ ಹೇಳಬಲ್ಲವನಿಗೆ ತಾನಾಗಿಯೇ ಒಂದು ಗದ್ದುಗೆ ಸಿಗುತ್ತದೆ. ತೋಪ್‌ಕಾಪಿ ಅರಮನೆ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಇಲ್ಬೆರ್ ಒರ್ತಾಯ್ಲಿಯಂತಹ ಇತಿಹಾಸಕಾರರು ಸಿನಿಮಾ ನಟರಷ್ಟೇ ಜನಪ್ರಿಯರಾದದ್ದಕ್ಕೆ, ತಡರಾತ್ರಿಯ ಟಿವಿ ಹರಟೆಗಳಲ್ಲಿ ಗಂಟೆಗಟ್ಟಲೆ ಚರಿತ್ರೆ ಚರ್ಚೆಯಾದದ್ದಕ್ಕೆ ಇದು ಒಂದು ಕಾರಣ. ಸ್ವತಃ ಆಲ್ತಾಯ್ಲಿ ‘ತೆಕೆ ತೆಕ್’ ಎಂಬ ತಮ್ಮ ಕಾರ್ಯಕ್ರಮದಲ್ಲಿ ಒರ್ತಾಯ್ಲಿಯವರನ್ನೂ ಭೂವಿಜ್ಞಾನಿ ಜೆಲಾಲ್ ಶೆಂಗೋರ್ ಅವರನ್ನೂ ಮತ್ತೆಮತ್ತೆ ಕೂರಿಸಿ ಮಾತಾಡಿಸಿದವರು.

ಎರ್ಡೊಗನ್ ಅವರ ಎಕೆ ಪಕ್ಷ ಸುಲ್ತಾನರ ಯುಗವನ್ನು ಮರಳಿ ಅಂಗಳಕ್ಕೆ ತಂದಿತು. ಸುಲ್ತಾನ ಸುಲೇಮಾನನನ್ನು ಜನಾನಾದ ಪ್ರಣಯಗಳ ನಡುವೆ ತೋರಿಸಿದ ಜನಪ್ರಿಯ ಧಾರಾವಾಹಿಯನ್ನು ಎರ್ಡೊಗನ್ 2012ರಲ್ಲಿ ಬಹಿರಂಗವಾಗಿ ಖಂಡಿಸಿದರು, ನಮ್ಮ ಪೂರ್ವಜರು ಕುದುರೆಯ ಮೇಲೆ ಬದುಕು ಸವೆಸಿದವರು ಎಂಬುದು ಅವರ ಆಕ್ಷೇಪ. ಎರಡು ವರ್ಷಗಳಲ್ಲಿ ಸರ್ಕಾರಿ ವಾಹಿನಿ ಟಿಆರ್‌ಟಿ ಉಸ್ಮಾನಿ ವಂಶದ ಮೂಲಪುರುಷರ ವೀರಗಾಥೆಯನ್ನು ಧಾರಾವಾಹಿಯಾಗಿಸಿತು, 2017ರಲ್ಲಿ ಎರಡನೆಯ ಅಬ್ದುಲ್ ಹಮೀದನ ಸರದಿ ಬಂತು. ಹೊರಗಿನ ಶಕ್ತಿಗಳ ಸಂಚಿನ ನಡುವೆ ಒಂಟಿಯಾಗಿ ಸಾಮ್ರಾಜ್ಯ ಕಾಯುವ ಆ ಸುಲ್ತಾನನ ಪಾತ್ರದಲ್ಲಿ ಯಾರನ್ನು ಕಾಣಬೇಕೆಂದು ನೋಡುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗೆ ಸುಲ್ತಾನನೆಂದರೆ ಅಧ್ಯಕ್ಷ ಎಂಬ ಸಮೀಕರಣವನ್ನು ವಿರೋಧಿಗಳು ಮಾತ್ರ ಕಟ್ಟಿದ್ದಲ್ಲ, ಬೆಂಬಲಿಗರೂ ಅಕ್ಕರೆಯಿಂದ ಕಟ್ಟಿದ್ದಾರೆ. ಒಮ್ಮೆ ಅದು ಬಳಕೆಗೆ ಬಂದ ಮೇಲೆ, ಸುಲ್ತಾನನ ವೈಭವವನ್ನು ಹೇಳಿದರೆ ಅಧ್ಯಕ್ಷರ ಹೊಗಳಿಕೆಯಾಗುವುದೂ, ಸುಲ್ತಾನನ ಅಂತ್ಯವನ್ನು ಹೇಳಿದರೆ ಅಧ್ಯಕ್ಷರ ಮೇಲಿನ ಬೆದರಿಕೆಯಾಗುವುದೂ ಒಂದೇ ತರ್ಕದ ಎರಡು ತುದಿಗಳು. ಕಾನೂನಿನ ಪ್ರಶ್ನೆ ಬೇರೆ: ಹೋಲಿಕೆಯೊಂದು ಬೆದರಿಕೆಯಾಗಲು ಅದರಲ್ಲಿ ಹಾನಿ ಮಾಡುವ ಉದ್ದೇಶವಿರಬೇಕಲ್ಲವೇ? ತಾನು ಹೇಳಿದ್ದು ಚರಿತ್ರೆಯ ಸಂಗತಿ, ಬೆದರಿಸುವ ಇರಾದೆ ಇರಲಿಲ್ಲ ಎಂದು ಆಲ್ತಾಯ್ಲಿ ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ.

ಚರಿತ್ರೆಯ ಮಾತು ತುಟ್ಟಿಯಾದದ್ದು ಇದೇ ಮೊದಲೇನಲ್ಲ. ಅತಾತುರ್ಕ್ ಅವರನ್ನು ಅವಹೇಳನ ಮಾಡುವ ವಿಡಿಯೊಗಳ ಕಾರಣಕ್ಕೆ 2008ರಿಂದ 2010ರವರೆಗೆ ಇಡೀ ಯೂಟ್ಯೂಬ್ ಅಲ್ಲಿ ನಿಷೇಧದಲ್ಲಿತ್ತು. 2024ರ ಏಪ್ರಿಲ್ 24ರಂದು ಇಸ್ತಾಂಬುಲ್‌ನ ‘ಆಚಿಕ್ ರಾಡಿಯೊ’ ಎಂಬ ಬಾನುಲಿಗೆ ಬಂದಿದ್ದ ಅತಿಥಿಯೊಬ್ಬರು ಉಸ್ಮಾನಿ ಆಳ್ವಿಕೆಯ ಕೊನೆಗಾಲದ ಸಾಮೂಹಿಕ ಕೊಲೆಗಳಿಗೆ, ಟರ್ಕಿ ಸರ್ಕಾರ ಒಪ್ಪದ ‘ಅರ್ಮೇನಿಯನ್ನರ ನರಮೇಧ’ ಎಂಬ ಪದ ಬಳಸಿದರು. ಮಾತು ಅತಿಥಿಯದು, ಶಿಕ್ಷೆ ಬಾನುಲಿಗೆ. 1995ರಿಂದ ನಡೆಯುತ್ತಿದ್ದ ಅದರ ಪರವಾನಗಿ ರದ್ದಾಗಿ, ಅಕ್ಟೋಬರ್ ವೇಳೆಗೆ ಪ್ರಸಾರ ನಿಂತಿತು.

ಸುದ್ದಿಮನೆಗಳು ಕೈಬದಲಾದ ಕಥೆ

ಪತ್ರಿಕೆಗಳನ್ನು ಮುಚ್ಚಿಸುವುದಕ್ಕಿಂತ ಕೊಳ್ಳಿಸುವುದು ಸಲೀಸು. ಟರ್ಕಿಯ ಮಾಧ್ಯಮ ಬದಲಾದದ್ದು ಮುಖ್ಯವಾಗಿ ಈ ಹಾದಿಯಲ್ಲಿ.

1990ರ ದಶಕದ ಹೊತ್ತಿಗೇ ದೊಡ್ಡ ಪತ್ರಿಕೆ–ವಾಹಿನಿಗಳು ಬ್ಯಾಂಕು, ಇಂಧನ, ನಿರ್ಮಾಣ ಉದ್ಯಮಗಳ ಒಡೆಯರ ಕೈಯಲ್ಲಿದ್ದವು. ಅವರ ಆದಾಯ ಬರುತ್ತಿದ್ದದ್ದು ಆ ಬೇರೆ ಉದ್ಯಮಗಳಿಂದ, ಆ ಉದ್ಯಮಗಳು ನಡೆಯುತ್ತಿದ್ದದ್ದು ಸರ್ಕಾರಿ ಟೆಂಡರುಗಳಿಂದ. ಆದ್ದರಿಂದ ಸುದ್ದಿಯೊಂದು ಸರ್ಕಾರಕ್ಕೆ ಇರುಸುಮುರುಸು ಮಾಡಿದರೆ ನಷ್ಟವಾಗುವುದು ಪತ್ರಿಕೆಗಲ್ಲ, ಒಡೆಯನ ಅಣೆಕಟ್ಟಿನ ಗುತ್ತಿಗೆಗೆ. ಈ ದೌರ್ಬಲ್ಯ ಎರ್ಡೊಗನ್ ಬರುವ ಮೊದಲೇ ಇತ್ತು, ಅವರ ಸರ್ಕಾರ ಅದನ್ನು ಪೂರ್ತಿ ಬಳಸಿಕೊಂಡಿತು. 2008ರಲ್ಲಿ ‘ಸಬಾಹ್’ ಪತ್ರಿಕೆ ಮತ್ತು ಎಟಿವಿ ವಾಹಿನಿಯನ್ನು ಚಾಲಿಕ್ ಸಮೂಹ 110 ಕೋಟಿ ಡಾಲರಿಗೆ ಕೊಂಡಾಗ, ಅದರಲ್ಲಿ 75 ಕೋಟಿ ಎರಡು ಸರ್ಕಾರಿ ಬ್ಯಾಂಕುಗಳ ಸಾಲವಾಗಿತ್ತು. ಆ ಸಮೂಹದ ಮುಖ್ಯ ಕಾರ್ಯನಿರ್ವಾಹಕ ಎರ್ಡೊಗನ್ ಅವರ ಅಳಿಯ ಬೆರಾತ್ ಅಲ್ಬಾಯ್ರಾಕ್. ಮುಂದಿನ ವರ್ಷ, ಅತಿದೊಡ್ಡ ಮಾಧ್ಯಮ ಸಮೂಹವಾಗಿದ್ದ ದೋಆನ್‌ಗೆ ಸುಮಾರು 250 ಕೋಟಿ ಡಾಲರ್ ಮೊತ್ತದ ತೆರಿಗೆ ದಂಡ ಬಿತ್ತು. ಒಂಬತ್ತು ವರ್ಷಗಳ ನಂತರ, 2018ರಲ್ಲಿ, ‘ಹುರ್ರಿಯೆತ್’ ಪತ್ರಿಕೆ, ಕನಾಲ್ ಡಿ, ಸಿಎನ್‌ಎನ್ ಟರ್ಕ್ ಎಲ್ಲವನ್ನೂ ದೋಆನ್ ಕುಟುಂಬ ಸರ್ಕಾರಕ್ಕೆ ಹತ್ತಿರವಿರುವ ದೆಮಿರೋರೆನ್ ಸಮೂಹಕ್ಕೆ ಮಾರಿತು. ಆ ಖರೀದಿಗೂ ಸಾಲ ಕೊಟ್ಟದ್ದು ಸರ್ಕಾರಿ ಬ್ಯಾಂಕು.

ಇದರ ನಡುವೆ 2016ರ ಜುಲೈ 15ರ ಸೇನಾ ದಂಗೆಯ ಯತ್ನ ನಡೆಯಿತು. ಅದು ವಿಫಲವಾದ ಎರಡೇ ವಾರಗಳಲ್ಲಿ ಒಂದು ಸುಗ್ರೀವಾಜ್ಞೆಯಿಂದ 45 ಪತ್ರಿಕೆ, 16 ಟಿವಿ ವಾಹಿನಿ, 23 ಬಾನುಲಿ, 29 ಪ್ರಕಾಶನ ಸಂಸ್ಥೆ ಸೇರಿ ಒಟ್ಟು 131 ಸಂಸ್ಥೆಗಳು ಮುಚ್ಚಿದವು. ದಂಗೆಯ ರಾತ್ರಿ ಎರ್ಡೊಗನ್ ಜನರನ್ನು ಬೀದಿಗೆ ಕರೆದದ್ದು ಫೋನಿನ ವಿಡಿಯೊ ಕರೆಯ ಮೂಲಕ, ಆ ಫೋನನ್ನು ಕ್ಯಾಮೆರಾಕ್ಕೆ ಹಿಡಿದದ್ದು ಅದೇ ದೋಆನ್ ಸಮೂಹದ ಸಿಎನ್‌ಎನ್ ಟರ್ಕ್ ನಿರೂಪಕಿ. ಖಾಸಗಿ ವಾಹಿನಿಯೊಂದು ಅಂದು ಅವರ ಅಧಿಕಾರ ಉಳಿಸಿತೆಂದರೆ ಅತಿಶಯೋಕ್ತಿಯಾಗದು. ಎರಡು ವರ್ಷ ಕಳೆಯುವುದರೊಳಗೆ ಅದು ಕೈಬದಲಾಯಿತು.

ಕೈಬದಲಾದ ಸುದ್ದಿಮನೆಯಲ್ಲಿ ವರದಿಗಾರನ ಕೆಲಸ ಮೊದಲು ಸೊರಗುತ್ತದೆ. ವರದಿಗೆ ದುಡ್ಡು ಬೇಕು, ಓಡಾಟ ಬೇಕು, ಬೆನ್ನಿಗೆ ವಕೀಲರಿರಬೇಕು, ಮೂಲವನ್ನು ಕಾಪಾಡುವ ಸಂಸ್ಥೆ ಬೇಕು. ಹಾಗಾಗಿ ವರದಿಗೆ ದಾರಿ ಮುಚ್ಚಿದಾಗ ಉಳಿಯುವುದು ವ್ಯಾಖ್ಯಾನ. ಅದಕ್ಕೆ ಒಂದು ಮೇಜು, ಒಂದು ಕ್ಯಾಮೆರಾ, ನಂಬಿಕೆ ಉಳಿಸಿಕೊಂಡ ಒಂದು ಮುಖ ಸಾಕು.

ಹೊಸ ಸಾಧನ, ಅದರ ಹಿಂದೆಯೇ ಹೊಸ ನಿಯಮ

ಟರ್ಕಿಯ ಮಾಧ್ಯಮ ನಾವೀನ್ಯವೆಂದರೆ ಬಹುಮಟ್ಟಿಗೆ ಬಾಗಿಲು ಮುಚ್ಚಿದಾಗ ಕಿಟಕಿ ಹುಡುಕಿದವರ ಕಥೆ. 2011ರ ಡಿಸೆಂಬರ್ 28ರ ರಾತ್ರಿ ಇರಾಕ್ ಗಡಿಯ ರೊಬೋಸ್ಕಿ ಹಳ್ಳಿಯ ಬಳಿ ಟರ್ಕಿಯದೇ ಯುದ್ಧವಿಮಾನಗಳ ದಾಳಿಗೆ 34 ಮಂದಿ ಬಲಿಯಾದಾಗ, ಅಧಿಕೃತ ಹೇಳಿಕೆ ಬರುವವರೆಗೆ ದೊಡ್ಡ ವಾಹಿನಿಗಳು ಗಂಟೆಗಟ್ಟಲೆ ಮೌನವಾಗಿದ್ದವು. ಅದರ ಮರುತಿಂಗಳೇ ಕೆಲವು ವಿದ್ಯಾರ್ಥಿಗಳು ‘140ಜರ್ನೋಸ್’ ಎಂಬ ತಂಡ ಕಟ್ಟಿ, ನ್ಯಾಯಾಲಯಗಳಿಂದ, ಬೀದಿಗಳಿಂದ ಟ್ವಿಟರ್‌ನಲ್ಲಿ ಸುದ್ದಿ ಕೊಡತೊಡಗಿದರು. ಹೆಸರಿನಲ್ಲಿರುವ 140, ಆಗಿನ ಒಂದು ಟ್ವೀಟಿನ ಅಕ್ಷರಮಿತಿ. 2013ರಲ್ಲಿ ಇಸ್ತಾಂಬುಲ್ ನಗರದ ಗೆಜಿ ಉದ್ಯಾನದಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ಉರಿಯುತ್ತಿದ್ದಾಗ ಸಿಎನ್‌ಎನ್ ಟರ್ಕ್ ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ ತೋರಿಸಿತು. ಪೆಂಗ್ವಿನ್ ಅಂದಿನಿಂದ ಹೇಡಿ ಮಾಧ್ಯಮದ ಅಡ್ಡಹೆಸರಾಗಿ ನಿಂತಿತು. 2015ರಲ್ಲಿ ಪತ್ರಕರ್ತ ರುಶೆನ್ ಚಾಕಿರ್ ಕೈಯಲ್ಲಿದ್ದ ಫೋನು ಮತ್ತು ಪೆರಿಸ್ಕೋಪ್ ಎಂಬ ನೇರಪ್ರಸಾರದ ಆ್ಯಪ್ ನೆಚ್ಚಿಕೊಂಡು ‘ಮೆದ್ಯಾಸ್ಕೋಪ್’ ಆರಂಭಿಸಿದರು. ಮರುವರ್ಷ ಸುಳ್ಳುಸುದ್ದಿ ಪರಿಶೀಲಿಸುವ ‘ತೆಯಿತ್’ ಬಂತು. ಕೆಲಸ ಕಳೆದುಕೊಂಡ ಅಥವಾ ಬಿಟ್ಟ ನಿರೂಪಕರು, ಅಂಕಣಕಾರರು ಒಬ್ಬೊಬ್ಬರಾಗಿ ಯೂಟ್ಯೂಬ್‌ಗೆ ಬಂದರು. ಆಲ್ತಾಯ್ಲಿ ಆ ಸಾಲಿನಲ್ಲಿ ತಡವಾಗಿ ಬಂದವರು. ಹಳೆಯ ದೊಡ್ಡ ಮಾಧ್ಯಮದಲ್ಲಿ ಸಂಪಾದಕನ ಕುರ್ಚಿಯಲ್ಲೇ ಕೂತಿದ್ದವರು.

ನಿಯಮಗಳು ಹಿಂದೆಯೇ ಬಂದವು. 2014ರ ಮಾರ್ಚ್‌ನಲ್ಲಿ ಟ್ವಿಟರ್ ಮತ್ತು ಯೂಟ್ಯೂಬ್ ಎರಡನ್ನೂ ತಡೆಯಲಾಯಿತು, ಸಂವಿಧಾನ ನ್ಯಾಯಾಲಯ ಆ ತಡೆಗಳನ್ನು ತೆಗೆಸಿತು. 2017ರ ಏಪ್ರಿಲ್‌ನಿಂದ 2020ರ ಜನವರಿವರೆಗೆ ವಿಕಿಪೀಡಿಯಕ್ಕೆ ಬೀಗ ಬಿದ್ದಿತ್ತು. ಹೀಗೆ ಇಡೀ ಜಾಲತಾಣವನ್ನು ತಡೆಯುವುದು ಒರಟು ಉಪಾಯ, ಅದರಿಂದ ಬೆಂಬಲಿಗರಿಗೂ ತೊಂದರೆ. ಆಮೇಲಿನ ಉಪಾಯಗಳು ನಾಜೂಕಾದವು. 2019ರ ಆಗಸ್ಟ್‌ನಲ್ಲಿ ಅಂತರ್ಜಾಲ ಪ್ರಸಾರಕ್ಕೂ ರೇಡಿಯೊ–ಟಿವಿ ಉನ್ನತ ಮಂಡಳಿಯ ಪರವಾನಗಿ ಕಡ್ಡಾಯವಾಯಿತು, ಟಿವಿ ಮಾದರಿಯ ಪ್ರಸಾರಕ್ಕೆ ಆಗ ನಿಗದಿಯಾದ ಶುಲ್ಕ ಒಂದು ಲಕ್ಷ ಲಿರಾ. ಆರ್‌ತುಕ್ ಎಂದು ಕರೆಯಲಾಗುವ ಈ ಮಂಡಳಿಯ ಒಂಬತ್ತು ಸದಸ್ಯರನ್ನು ಸಂಸತ್ತು ಪಕ್ಷಗಳ ಬಲಾಬಲಕ್ಕೆ ತಕ್ಕಂತೆ ಆರಿಸುತ್ತದೆ. ಆದ್ದರಿಂದ ಆಳುವ ಮೈತ್ರಿಕೂಟಕ್ಕೆ ಅಲ್ಲಿಯೂ ಬಹುಮತ. ಪರವಾನಗಿಗೆ ಅರ್ಜಿ ಹಾಕಲಿಲ್ಲವೆಂದು 2022ರ ಜೂನ್‌ನಲ್ಲಿ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆ ಮತ್ತು ವಾಯ್ಸ್ ಆಫ್ ಅಮೆರಿಕದ ಜಾಲತಾಣಗಳನ್ನು ತಡೆಯಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಕಾನೂನು, ಸುಳ್ಳು ಮಾಹಿತಿ ಹರಡುವವರಿಗೆ ಒಂದರಿಂದ ಮೂರು ವರ್ಷ ಜೈಲು ಎಂದಿತು. ಸುಳ್ಳೆಂದರೆ ಯಾವುದು ಎಂಬುದನ್ನು ತೀರ್ಮಾನಿಸುವ ಕೆಲಸ ತನಿಖಾಧಿಕಾರಿಯ ಮೇಜಿಗೆ ಬಂತು.

2025 ಈ ಎಲ್ಲ ಎಳೆಗಳೂ ಗಂಟುಬಿದ್ದ ವರ್ಷ. ಮಾರ್ಚ್ 19ರಂದು, ಎರ್ಡೊಗನ್ ಅವರ ಮುಖ್ಯ ಪ್ರತಿಸ್ಪರ್ಧಿಯಾದ ಇಸ್ತಾಂಬುಲ್ ಮೇಯರ್ ಎಕ್ರೆಮ್ ಇಮಾಮೊಲು ಬಂಧನಕ್ಕೊಳಗಾದರು, ಅದರ ಹಿಂದಿನ ದಿನವಷ್ಟೇ ಅವರ ಪದವಿ ಪ್ರಮಾಣಪತ್ರವನ್ನು ಇಸ್ತಾಂಬುಲ್ ವಿಶ್ವವಿದ್ಯಾಲಯ ರದ್ದುಮಾಡಿತ್ತು. ಪದವಿ ಇಲ್ಲದವರು ಅಲ್ಲಿ ಅಧ್ಯಕ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಆ ಬಂಧನದ ವಿರುದ್ಧದ ಪ್ರತಿಭಟನೆಗಳನ್ನು ಪ್ರಸಾರ ಮಾಡಿದ ಸೊಜ್‌ಜು ಟಿವಿಯ ಪರದೆ ಜುಲೈನಲ್ಲಿ ಹತ್ತು ದಿನ ಕಪ್ಪಾಯಿತು. ಸೆಪ್ಟೆಂಬರ್‌ನಲ್ಲಿ ಹಬೆರ್‌ಟರ್ಕ್ ಮತ್ತು ಶೋ ಟಿವಿಗಳ ಮಾಲೀಕ ಸಂಸ್ಥೆಯನ್ನು ಅಕ್ರಮ ಹಣದ ತನಿಖೆಯ ಹೆಸರಿನಲ್ಲಿ ಸರ್ಕಾರದ ಠೇವಣಿ ವಿಮಾ ನಿಧಿ ವಶಪಡಿಸಿಕೊಂಡಿತು. ಅಕ್ಟೋಬರ್ 24ರಂದು ವಿರೋಧ ಪಕ್ಷಗಳತ್ತ ಒಲವಿದ್ದ ಟೆಲೆ1 ವಾಹಿನಿಗೂ ಅದೇ ಗತಿ, ಅದರ ಪ್ರಧಾನ ಸಂಪಾದಕರ ಮೇಲೆ ಹೊರಿಸಿದ್ದು ಬೇಹುಗಾರಿಕೆಯ ಆರೋಪ.

ಸರ್ಕಾರದ ವಾದದಲ್ಲಿ ಹುರುಳಿದೆಯೇ?

ಆಳುವ ಪಕ್ಷದ ವಾದವನ್ನು ಅದರ ಬೆಂಬಲಿಗರು ಏಕೆ ನಂಬುತ್ತಾರೆಂದು ತಿಳಿಯದೆ ಈ ವಿವಾದ ಅರ್ಥವಾಗುವುದಿಲ್ಲ. ಅವರ ಪ್ರಕಾರ ಹಳೆಯ ದೊಡ್ಡ ಪತ್ರಿಕೆಗಳು ಎಂದೂ ಜನರ ಪರವಾಗಿರಲಿಲ್ಲ, ಸೇನೆಯ ಮತ್ತು ನಗರದ ಮೇಲ್ವರ್ಗದ ಪರವಾಗಿದ್ದವು. 1997ರಲ್ಲಿ ಚುನಾಯಿತ ಸರ್ಕಾರವೊಂದನ್ನು ಸೇನೆ ಒತ್ತಡ ಹಾಕಿ ಇಳಿಸಿದಾಗ ಈ ಪತ್ರಿಕೆಗಳ ತಲೆಬರಹಗಳು ಅದಕ್ಕೆ ಹಿಮ್ಮೇಳ ಹಾಡಿದ್ದು ನಿಜ. ಅದೇ ವರ್ಷ ಸಿರ್ತ್ ಎಂಬ ಊರಿನ ಸಭೆಯಲ್ಲಿ ಒಂದು ಪದ್ಯ ಓದಿದ್ದಕ್ಕಾಗಿ ಆಗಿನ ಇಸ್ತಾಂಬುಲ್ ಮೇಯರ್ ಎರ್ಡೊಗನ್ ಅವರಿಗೇ ಹತ್ತು ತಿಂಗಳ ಶಿಕ್ಷೆಯಾಯಿತು, 1999ರಲ್ಲಿ ನಾಲ್ಕು ತಿಂಗಳು ಅವರು ಜೈಲಿನಲ್ಲಿದ್ದರು. ಇನ್ನು ಇವರು ಹಳ್ಳಿಯ ಮುಖಂಡನೂ ಆಗಲಾರರು ಎಂದು ಆಗ ‘ಹುರ್ರಿಯೆತ್’ ತಲೆಬರಹ ಕೊಟ್ಟಿತ್ತು. ಆ ತಲೆಬರಹವನ್ನು ಎರ್ಡೊಗನ್ ಬೆಂಬಲಿಗರು ಇಂದಿಗೂ ಮರೆತಿಲ್ಲ.

ಇದಕ್ಕೆ 2016ರ ದಂಗೆಯ ಅನುಭವವನ್ನು ಸೇರಿಸಬೇಕು. ಮುಚ್ಚಿದ ಮಾಧ್ಯಮಗಳಲ್ಲಿ ಅನೇಕವು ದಂಗೆಯ ರೂವಾರಿಯೆಂದು ಸರ್ಕಾರ ಹೇಳುವ ಧರ್ಮಬೋಧಕ ಫೆತುಲ್ಲಾ ಗುಲೆನ್ ಅವರ ಬಳಗಕ್ಕೆ ಸೇರಿದ್ದವು. ಆ ಬಳಗದವರು ಪೊಲೀಸ್, ನ್ಯಾಯಾಂಗಗಳಲ್ಲಿ ಸೇರಿಕೊಂಡು ಇತರ ಪತ್ರಕರ್ತರನ್ನು ಜೈಲಿಗೆ ಕಳಿಸಿದ ಆರೋಪವನ್ನು ಎರ್ಡೊಗನ್ ವಿರೋಧಿಗಳೂ ಮಾಡುತ್ತಾರೆ. ಹೀಗಿರುವಾಗ, ರಾಷ್ಟ್ರದ ಮುಖ್ಯಸ್ಥನ ಸಾವನ್ನು ಸೂಚಿಸುವ ಮಾತನ್ನು ಲಕ್ಷಾಂತರ ಜನರೆದುರು ಆಡಿದರೆ ಕಾನೂನು ಸುಮ್ಮನಿರಬೇಕೇ ಎಂಬುದು ಸರ್ಕಾರದ ಪರ ನಿಂತವರ ಪ್ರಶ್ನೆ.

ಈ ವಾದದ ಭಾವನಾತ್ಮಕ ಬಲ ದೊಡ್ಡದು, ಆದರೆ ತೂಕಕ್ಕಿಟ್ಟರೆ ಅದು ನಿಲ್ಲುವುದಿಲ್ಲ. ಹಳೆಯ ಮಾಧ್ಯಮದ ಪಕ್ಷಪಾತವೇ ರೋಗವಾಗಿದ್ದರೆ ಅದಕ್ಕೆ ಔಷಧ ವೈವಿಧ್ಯ. ಆದದ್ದು ಪಕ್ಷಪಾತದ ದಿಕ್ಕು ಬದಲಾವಣೆ. 2023ರ ಚುನಾವಣೆಗೆ ಮುನ್ನ ಏಪ್ರಿಲ್ ತಿಂಗಳಲ್ಲಿ ಸರ್ಕಾರಿ ಸುದ್ದಿವಾಹಿನಿ ಎರ್ಡೊಗನ್ ಅವರಿಗೆ ಸುಮಾರು 32 ಗಂಟೆ, ಪ್ರತಿಸ್ಪರ್ಧಿ ಕೆಮಾಲ್ ಕಿಲಿಚ್‌ದಾರೊಲು ಅವರಿಗೆ ಸುಮಾರು 32 ನಿಮಿಷ ಕೊಟ್ಟಿತೆಂದು ಆರ್‌ತುಕ್‌ನ ವಿರೋಧ ಪಕ್ಷದ ಸದಸ್ಯರು ಲೆಕ್ಕ ಮುಂದಿಟ್ಟರು. ಪದ್ಯ ಓದಿ ಜೈಲಿಗೆ ಹೋದವರ ಆಳ್ವಿಕೆಯಲ್ಲಿ ಹೋಲಿಕೆ ಕೊಟ್ಟವರು ಜೈಲಿಗೆ ಹೋಗುತ್ತಿರುವುದು ಅವರ ಬೆಂಬಲಿಗರಿಗೂ ಕಾಣಬೇಕಾದ ಸಂಗತಿ.

ಮೂರನೆಯ ಒಂದು ದನಿಯೂ ಇದೆ, ಅದು ಕುರ್ದಿಶ್ ಪತ್ರಕರ್ತರದು. ಆಲ್ತಾಯ್ಲಿಯಂಥವರ ಬಂಧನಕ್ಕೆ ಜಗತ್ತು ಬೆಚ್ಚುತ್ತದೆ, ಆದರೆ 1992ರಲ್ಲಿ ದಿಯಾರ್‌ಬಕಿರ್‌ನಲ್ಲಿ ಲೇಖಕ ಮೂಸಾ ಅಂತೆರ್ ಗುಂಡಿಗೆ ಬಲಿಯಾದಾಗ, ಆ ದಶಕದುದ್ದಕ್ಕೂ ಕುರ್ದಿಶ್ ಪರ ಪತ್ರಿಕೆಗಳ ಕಚೇರಿಗಳ ಮೇಲೆ ದಾಳಿಗಳಾದಾಗ ಈ ‘ದೊಡ್ಡ ಮಾಧ್ಯಮ’ ಎಲ್ಲಿತ್ತು ಎಂಬುದು ಅವರ ಪ್ರಶ್ನೆ. ಇಸ್ತಾಂಬುಲ್‌ನ ಸ್ಟುಡಿಯೊಗಳಲ್ಲಿ ಇದಕ್ಕೆ ನೇರ ಉತ್ತರ ಸಿಗುವುದು ಅಪರೂಪ.

ಚಪ್ಪಾಳೆ ಸಿಗುವ ವಿಷಯ

ಮಾತಿನ ಮಾರುಕಟ್ಟೆಯಲ್ಲಿ ಎಲ್ಲ ವಿಷಯಗಳಿಗೂ ಒಂದೇ ಅಪಾಯವಿಲ್ಲ. ತಂತ್ರಜ್ಞಾನ, ನವೋದ್ಯಮ, ನಾವೀನ್ಯಗಳ ಬಗ್ಗೆ ಮಾತಾಡುವವರಿಗೆ ಟರ್ಕಿಯಲ್ಲಿ ವೇದಿಕೆಗಳು ತಾನಾಗಿ ತೆರೆದುಕೊಳ್ಳುತ್ತವೆ. ಹೇಳಿಕೊಳ್ಳಲು ಸಂಗತಿಗಳೂ ಇವೆ: 2020ರಲ್ಲಿ ಇಸ್ತಾಂಬುಲ್‌ನ ಆಟಗಳ ಕಂಪನಿ ಪೀಕ್ 180 ಕೋಟಿ ಡಾಲರಿಗೆ ಮಾರಾಟವಾಯಿತು, ಬಾಯ್ಕಾರ್ ಕಂಪನಿಯ ಡ್ರೋನ್‌ಗಳನ್ನು ಹತ್ತಾರು ದೇಶಗಳು ಕೊಂಡಿವೆ, 2018ರಿಂದ ನಡೆಯುವ ಟೆಕ್ನೋಫೆಸ್ಟ್ ಜಾತ್ರೆಗೆ ಶಾಲಾಮಕ್ಕಳು ಗುಂಪುಗುಂಪಾಗಿ ಬರುತ್ತಾರೆ. ಆದರೆ ಟೆಕ್ನೋಫೆಸ್ಟ್‌ನ ಮುಖವಾಗಿರುವ, ಬಾಯ್ಕಾರ್‌ನ ಸೆಲ್ಚುಕ್ ಬಾಯ್ರಕ್ತಾರ್ ಅಧ್ಯಕ್ಷರ ಇನ್ನೊಬ್ಬ ಅಳಿಯ. ನಾವೀನ್ಯದ ವೇದಿಕೆ ಅಲ್ಲಿ ರಾಜಕೀಯದ ಹೊರಗಿಲ್ಲ.

ಆ ವೇದಿಕೆಯಲ್ಲಿ ನಿಂತು ಸ್ವಲ್ಪ ಆಚೀಚೆ ಮಾತಾಡಿದರೆ ಏನಾಗುತ್ತದೆಂದು 2025ರ ಫೆಬ್ರುವರಿ ತೋರಿಸಿತು. ದೊಡ್ಡ ಉದ್ಯಮಿಗಳ ಸಂಘವಾದ ತುಸಿಯಾದ್‌ನ ಮಹಾಸಭೆಯಲ್ಲಿ ಸಂಘದ ಅಧ್ಯಕ್ಷ ಒರ್ಹಾನ್ ತುರಾನ್ ಮತ್ತು ಹಿರಿಯ ಪದಾಧಿಕಾರಿ ಒಮೆರ್ ಅರಾಸ್, ನ್ಯಾಯಾಂಗದ ಬಗ್ಗೆ ನಂಬಿಕೆ ಕುಸಿದರೆ ಹೂಡಿಕೆ ಬರುವುದಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಒಂದು ವಾರದೊಳಗೆ ಪೊಲೀಸರು ಇಬ್ಬರನ್ನೂ ಹೇಳಿಕೆ ಪಡೆಯಲು ಕರೆದೊಯ್ದರು, ವಿದೇಶ ಪ್ರಯಾಣಕ್ಕೆ ನಿರ್ಬಂಧ ಬಿತ್ತು.

ಹೊರಗೆ ನಿಂತು ಮಾತಾಡುವವರು

2016ರಲ್ಲಿ ನ್ಯಾಯಾಲಯದ ಎದುರೇ ಗುಂಡಿನ ದಾಳಿಯಿಂದ ಪಾರಾದ ‘ಜುಮ್ಹುರಿಯೆತ್’ ಪತ್ರಿಕೆಯ ಆಗಿನ ಸಂಪಾದಕ ಜಾನ್ ದುಂದಾರ್ ಇಂದು ಜರ್ಮನಿಯಲ್ಲಿದ್ದಾರೆ. ಅವರ ಗೈರುಹಾಜರಿಯಲ್ಲೇ 27 ವರ್ಷಕ್ಕೂ ಹೆಚ್ಚಿನ ಶಿಕ್ಷೆಯಾಗಿದೆ. ರೊಬೋಸ್ಕಿ ದಾಳಿಯ ಬಗ್ಗೆ ಬರೆದ ಬೆನ್ನಿಗೆ ಅಂಕಣ ಕಳೆದುಕೊಂಡ ಎಜೆ ತೆಮೆಲ್‌ಕುರಾನ್ ಯುರೋಪಿನಲ್ಲಿ ನೆಲೆಸಿದ್ದಾರೆ. ಇಂಥವರು ವಿಶ್ವವಿದ್ಯಾಲಯಗಳಲ್ಲಿ, ಸಾಹಿತ್ಯೋತ್ಸವಗಳಲ್ಲಿ, ಸಮ್ಮೇಳನಗಳಲ್ಲಿ ಟರ್ಕಿಯ ಬಗ್ಗೆ ಮಾತಾಡುತ್ತಾರೆ, ಜಗತ್ತು ಟರ್ಕಿಯನ್ನು ಅರಿಯುವುದು ಬಹುಪಾಲು ಇವರ ಮೂಲಕ. ಅವರ ಮಾತಿಗೆ ಭಯವಿಲ್ಲದ ಸ್ವಾತಂತ್ರ್ಯವಿದೆ, ಆದರೆ ವರ್ಷಗಳು ಕಳೆದಂತೆ ಸಂತೆಯ ಬೆಲೆ, ಬಸ್ಸಿನ ಮಾತುಕತೆ, ಅನಟೋಲಿಯಾದ ಸಣ್ಣ ಊರಿನ ಮನಸ್ಥಿತಿ ಅವರಿಗೆ ಕೇಳಿ ತಿಳಿಯಬೇಕಾದ ವಿಷಯಗಳಾಗುತ್ತವೆ. 2023ರಲ್ಲಿ ಎರ್ಡೊಗನ್ ಸೋಲುತ್ತಾರೆಂದು ಹೊರಗಿನ ಅನೇಕ ವ್ಯಾಖ್ಯಾನಕಾರರು ನಂಬಿದ್ದರು. ಎರಡನೆಯ ಸುತ್ತಿನಲ್ಲಿ ಅವರು ಶೇ 52ರಷ್ಟು ಮತ ಪಡೆದು ಗೆದ್ದರು.

ಭಾರತದಲ್ಲಿ ಕೂತವರಿಗೆ ಇನ್ನೊಂದು ತೊಡಕಿದೆ. 2025ರ ಮೇ ತಿಂಗಳ ಸಂಘರ್ಷದಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತ ಮೇಲೆ, ಬೆಂಗಳೂರು ಸೇರಿದಂತೆ ನಮ್ಮ ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿ ಮೂಲದ ಚೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದಾಯಿತು, ಟಿಆರ್‌ಟಿ ವರ್ಲ್ಡ್ ವಾಹಿನಿಯ ಎಕ್ಸ್ ಖಾತೆಯನ್ನು ಇಲ್ಲಿ ತಡೆಯಲಾಯಿತು. ಟರ್ಕಿಯೆಂದರೆ ಎರ್ಡೊಗನ್, ಎರ್ಡೊಗನ್ ಎಂದರೆ ಟರ್ಕಿ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅಲ್ಲಿನ ಸರ್ಕಾರಿ ವಾಹಿನಿ ಹೇಳುವುದೂ ಅದನ್ನೇ. ಆ ದೇಶದೊಳಗೆ ಅವರಿಗೆ ಮತ ಹಾಕದ ಅರ್ಧದಷ್ಟು ಜನರಿದ್ದಾರೆ ಎಂಬುದು ಎರಡೂ ಕಡೆ ಮರೆಯಾಗುತ್ತದೆ. ಅಂದಹಾಗೆ, ಗಡಿಗಳಿಲ್ಲದ ವರದಿಗಾರರ ಸಂಸ್ಥೆಯ 2025ರ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದ 180 ದೇಶಗಳಲ್ಲಿ ಟರ್ಕಿ 159ನೆಯದು, ಭಾರತ 151ನೆಯದು. ದಡದಲ್ಲಿ ನಿಂತು ಮರುಕಪಡುವಷ್ಟು ಅಂತರ ಇದಲ್ಲ.

ಮುಂದೆ ಏನಾಗಬಹುದು

ಒಬ್ಬ ವ್ಯಕ್ತಿಯೇ ಸುದ್ದಿಮನೆಯಾದಾಗ ಅದನ್ನು ಮುಚ್ಚಲು ಒಂದು ಬಂಧನ ಸಾಕು. ತೆರಿಗೆ ದಂಡ, ಒಡೆತನ ಬದಲಾವಣೆಯಂತಹ ವರ್ಷಗಟ್ಟಲೆಯ ಕಸರತ್ತು ಬೇಕಿಲ್ಲ. ಖಾಲಿ ಕುರ್ಚಿಯ ಕಾರ್ಯಕ್ರಮ ಈ ಲೆಕ್ಕವನ್ನು ಸ್ವಲ್ಪ ತಲೆಕೆಳಗು ಮಾಡಿತು ನಿಜ, ಆದರೆ ಅದು ಸಾಧ್ಯವಾದದ್ದು ನಲವತ್ತು ವರ್ಷಗಳ ಹೆಸರಿದ್ದವರಿಗೆ. ಅಷ್ಟು ಹೆಸರಿಲ್ಲದ ಯುವ ವರದಿಗಾರ ಜೈಲಿಗೆ ಹೋದರೆ ಅವನ ಕುರ್ಚಿಯನ್ನು ನೋಡಲು ಯಾರೂ ಬರುವುದಿಲ್ಲ. ಹೀಗಾಗಿ ಹೊಸಬರು ಈ ಕಸುಬಿಗೆ ಬರುವುದೇ ಕಡಿಮೆಯಾಗಬಹುದು, ಬಂದವರೂ ಅಪಾಯವಿಲ್ಲದ ವಿಷಯ ಆರಿಸಿಕೊಳ್ಳಬಹುದು. ನ್ಯಾಯಾಲಯದ ಶಿಕ್ಷೆಗಿಂತ ಈ ಪರಿಣಾಮ ವಿಸ್ತಾರವಾದದ್ದು, ಲೆಕ್ಕಕ್ಕೆ ಸಿಗದ್ದು.

ಪರವಾನಗಿಯ ಬಲೆ ಇನ್ನಷ್ಟು ಬಿಗಿಯಾಗುವ ಸೂಚನೆಗಳಿವೆ. ಜನಪ್ರಿಯ ಯೂಟ್ಯೂಬ್ ವಾಹಿನಿಗಳಿಗೂ ಅರ್ಜಿ ಸಲ್ಲಿಸುವಂತೆ ಆರ್‌ತುಕ್ ಗಡುವು ಕೊಡತೊಡಗಿದೆ. ಅರ್ಜಿ ಹಾಕಿದರೆ ಟಿವಿಗೆ ಅನ್ವಯಿಸುವ ದಂಡ, ಪ್ರಸಾರ ತಡೆಗಳೆಲ್ಲ ಅನ್ವಯಿಸುತ್ತವೆ, ಹಾಕದಿದ್ದರೆ ಜಾಲತಾಣವೇ ತಡೆಯಾಗುತ್ತದೆ. ಇದರಿಂದ ಮಾತುಗಾರರು ವಿದೇಶಕ್ಕೆ ಹೋಗುವುದು ಹೆಚ್ಚಾದರೆ, ಒಳಗಿನ ನೋಡುಗರಿಗೂ ಹೊರಗಿನ ಮಾತುಗಾರರಿಗೂ ನಡುವಿನ ದೂರ ಇನ್ನಷ್ಟು ಹಿಗ್ಗುತ್ತದೆ.

ಇನ್ನು ರಾಜಕೀಯದ ಗಡಿಯಾರ. ಮುಂದಿನ ಅಧ್ಯಕ್ಷ ಚುನಾವಣೆ 2028ಕ್ಕೆ. ಈಗಿನ ಸಂವಿಧಾನದ ಪ್ರಕಾರ ಎರ್ಡೊಗನ್ ಮತ್ತೆ ನಿಲ್ಲಬೇಕಾದರೆ ಒಂದೋ ಸಂವಿಧಾನ ತಿದ್ದಬೇಕು, ಇಲ್ಲವೇ ಸಂಸತ್ತು ಅವಧಿಗೆ ಮುನ್ನವೇ ಚುನಾವಣೆ ಕರೆಯಬೇಕು. ಅವಧಿಗೆ ಮುನ್ನ ಚುನಾವಣೆ ಕರೆಯಲು 600 ಸದಸ್ಯರ ಸಂಸತ್ತಿನಲ್ಲಿ 360 ಮತಗಳು ಬೇಕು, ಆಳುವ ಮೈತ್ರಿಕೂಟಕ್ಕೆ ಅಷ್ಟು ಬಲವಿಲ್ಲ. ಅವರು ಎಲ್ಲಿಯವರೆಗೆ ಅಧಿಕಾರದಲ್ಲಿರಬೇಕು ಎಂಬ ಚರ್ಚೆ ಆದ್ದರಿಂದ ಚುನಾವಣೆಯವರೆಗೂ ಸಂಸತ್ತಿನಲ್ಲೂ ಚಹಾದಂಗಡಿಗಳಲ್ಲೂ ನಡೆಯಲೇಬೇಕು. ಆಲ್ತಾಯ್ಲಿ ಜೂನ್ ತಿಂಗಳಲ್ಲಿ ಕ್ಯಾಮೆರಾದೆದುರು ಕೂತು ಓದಿ ಹೇಳಿದ ಸಮೀಕ್ಷೆ ಜನರಿಗೆ ಕೇಳಿದ್ದೂ ಇದೇ ಪ್ರಶ್ನೆಯನ್ನು.